ನಲವತ್ತು ಅಡಿ ಹಗ್ಗ

ಚೌರಪ್ಪ ಮೇಸ್ತ್ರಿಗೆ ಮೂಗೇ ಮೀಟರು.
ಯಶವಂತಪುರದ ಐಸ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ
ಅಮೋನಿಯಾದ ಜೊತೆ ಬಾಳಿದವರು.
“ಅದು ಬಾಯಿಬಡುಕ ಕಣೋ,” ಅನ್ನುತ್ತಿದ್ದರು,
“ವಾಲ್ವು ಕೂದಲೆಳೆ ಸಡಿಲಾದರೂ ಬೀದಿಗೆಲ್ಲ ಕೇಳುವಂತೆ ಬೈಯುತ್ತೆ,
ಕಣ್ಣಿಗೆ ಖಾರ ಎರಚಿ ಆಚೆಗೆ ದಬ್ಬುತ್ತೆ.
ಒದ್ದೆ ಟವೆಲು ಮೂಗಿಗೊತ್ತಿಕೋ.
ಎದುರು ಮಹಡಿಯಲ್ಲಿ ಒಣಹಾಕಿದ ಸೀರೆ
ಯಾವ ದಿಕ್ಕಿಗೆ ಹಾರುತ್ತಿದೆ ನೋಡು;
ಅದು ಕರೆಯುವ ಕಡೆ ಮಾತ್ರ ಓಡಬೇಡ.
ಬೈಯುವವರ ಮಾತು ಕೇಳಿದರೆ ಬದುಕುತ್ತೀಯ.
ಸುಮ್ಮನಿರುವವರ ಹತ್ತಿರ ಹುಷಾರು.”

ನನ್ನ ಪಾಲಿಗೆ ಬಂದದ್ದು ಸುಮ್ಮನಿರುವ ಗ್ಯಾಸು.
ಬಣ್ಣವಿಲ್ಲ, ವಾಸನೆಯಿಲ್ಲ,
ತಿಳಿಹಸಿರು ಸಿಲಿಂಡರಿನೊಳಗೆ ಹದಿಮೂರೂವರೆ ಕಿಲೋ ಮೌನ.
ಗಾಳಿಗಿಂತ ಭಾರ. ಇಳಿಜಾರು ಕಂಡರೆ ನೀರಿನಂತೆ ಇಳಿದು
ನೆಲಮಾಳಿಗೆಯಲ್ಲಿ ಚಾಪೆ ಹಾಸಿಕೊಳ್ಳುತ್ತದೆ.

ಅದನ್ನು ಬಿಸಿಲಲ್ಲಿ ಬಿಡುವುದಿಲ್ಲ ನಾನು,
ಬೈಕಿನ ಮೇಲೆ ಅಡ್ಡ ಮಲಗಿಸುವುದಿಲ್ಲ. ಒತ್ತಡ ಇಳಿಯಿತೆಂದು
ಬರ್ನರ್ ಹಿಡಿಯುವುದಿಲ್ಲ; ಉಗುರುಬೆಚ್ಚಗಿನ ನೀರು ಸಾಕು.
ಸೋರಿಕೆ ಹುಡುಕಲು ಸೋಪಿನ ನೊರೆ, ಬೆಂಕಿಕಡ್ಡಿಯಲ್ಲ:
ಉರಿ ಮುಟ್ಟಿದರೆ ಈ ಸಾಧು
ವಿಷ ಕಾರುತ್ತಾನೆ.
ಹಳೆ ಮೆಷೀನಿನಿಂದ ವಾಪಸು ತುಂಬಿಕೊಳ್ಳುವಾಗ
ಐದರಲ್ಲೊಂದು ಪಾಲು ಖಾಲಿ.
ಹಿಗ್ಗಲು ಜಾಗವಿಲ್ಲದ್ದು ಒಡೆಯುತ್ತದೆ,
ಸಿಲಿಂಡರಾಗಲಿ, ಕಾಮಾಕ್ಷಿಪಾಳ್ಯದ ನಮ್ಮ ಒಂದು ರೂಮಿನ ಮನೆಯಾಗಲಿ.

ಫೆಬ್ರವರಿ ಹನ್ನೆರಡು, ರಾತ್ರಿ ಒಂದೂವರೆ.
ಹೆಬ್ಬಾಳದಾಚೆ ಗುಲಾಬಿ ಗೋದಾಮು,
ಬೆಳಗಿನ ವಿಮಾನಕ್ಕೆ ನಲವತ್ತು ಸಾವಿರ ಮೊಗ್ಗು,
ನೆಲಮಾಳಿಗೆಯ ತಣ್ಣನೆ ಕೋಣೆ ಬೆಚ್ಚಗಾಗುತ್ತಿದೆ.
ಮಾಲೀಕರ ಫೋನು ಹತ್ತು ನಿಮಿಷಕ್ಕೊಂದು.
ದಸ್ತಗೀರನ ಸೊಂಟಕ್ಕೆ ಹಗ್ಗ ಕಟ್ಟಿದೆ.
“ಏನಣ್ಣ, ನಾನೇನು ಹಸುವಾ?” ಅಂದ, ಹತ್ತೊಂಬತ್ತರ ಹುಡುಗ.
ಗೊಣಗುತ್ತಲೇ ಕಟ್ಟಿಸಿಕೊಂಡು, ಸ್ಪ್ಯಾನರ್ ಹಿಡಿದು ಇಳಿದ.

ಕೆಳಗಿಂದ ಗುಲಾಬಿಯ ಪರಿಮಳ ಮಾತ್ರ ಬರುತ್ತಿತ್ತು.
ನಟ್ಟು ಕಳಚಿದ ಸದ್ದು, ಒಂದು ಸೀಟಿ.
ಬಗ್ಗಿ ನೋಡಿದ. ಆಮೇಲೆ
ದಣಿದವನು ಜಗಲಿಯ ಮೇಲೆ ಕೂರುವಂತೆ
ಕೂತ.

ನನ್ನ ಬಲಗಾಲು ಮೊದಲ ಮೆಟ್ಟಿಲು ಇಳಿದಾಗಿತ್ತು.
ಇದೊಂದು ಮಾತನ್ನು ಮೇಸ್ತ್ರಿ ಎಂದೂ ಕೂಗಿ ಹೇಳಿರಲಿಲ್ಲ;
ಫ್ಯಾಕ್ಟರಿಯ ಗೇಟಿನಾಚೆ, ಬೀಡಿ ಆರಿಸಿ, ಮೆಲ್ಲಗೆ:
“ಬಿದ್ದವನನ್ನು ಕಂಡರೆ ಕಾಲು ತಾನೇ ಓಡುತ್ತೆ.
ಕಾಲನ್ನು ನಂಬಬೇಡ.
ತಮ್ಮನನ್ನು ಎತ್ತಲು ಇಳಿದ ಅಣ್ಣನನ್ನೂ ನಾನೇ ಹೊತ್ತಿದ್ದೇನೆ.”

ಕಾಲು ವಾಪಸು ತೆಗೆದೆ.
ಅಷ್ಟು ಎತ್ತರದ ಮೆಟ್ಟಿಲನ್ನು ನಾನು ಇನ್ನೆಲ್ಲೂ ಹತ್ತಿಲ್ಲ.

“ಎಳೀರಿ!”
ಪ್ಯಾಕಿಂಗಿನ ಹೆಂಗಸರು, ಮುಳ್ಳು ಗೀರಿದ ಕೈಗಳು,
ಪುಟ್ಟಲಿಂಗಮ್ಮ ಎಲ್ಲರಿಗಿಂತ ಮುಂದೆ,
ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದರು.
ವಾಚ್‌ಮನ್ ಎರಡೂ ಶಟರ್ ಎತ್ತಿ, ನೂರಾ ಹನ್ನೆರಡಕ್ಕೆ ಫೋನು ಹಚ್ಚಿ
ವಿಳಾಸವನ್ನು ಮೂರು ಸಲ ತಪ್ಪಾಗಿ, ನಾಲ್ಕನೇ ಸಲ ಸರಿಯಾಗಿ ಹೇಳಿದ.

ಮೇಲೆ ಬಂದವನ ಗ್ಲೌಸು ಬೆಳ್ಳಗೆ ಮರಗಟ್ಟಿ ಕೈಗಂಟಿತ್ತು.
ಯಾರೋ ಉಜ್ಜಲು ಹೋದರು.
ಉಜ್ಜಬೇಡಿ. ಕೀಳಬೇಡಿ, ಚರ್ಮವೂ ಜೊತೆಗೆ ಬರುತ್ತೆ.
ಕ್ಯಾಂಟೀನಿನ ಬಿಸಿನೀರಿಗೆ ತಣ್ಣೀರು ಬೆರೆಸಿ
ಪುಟ್ಟಲಿಂಗಮ್ಮ ಮೊಣಕೈ ಅದ್ದಿ ನೋಡಿದಳು,
ಎಳೆಕೂಸಿನ ಸ್ನಾನಕ್ಕೆ ನೋಡುವಂತೆ.
ಎದೆ ಏರಿತು. ಇಳಿಯಿತು. ಮತ್ತೆ
ಏರಿತು.
ಅವನ ಮೊದಲ ಮಾತು: “ಅಣ್ಣ, ನಟ್ಟು?”

ನಟ್ಟನ್ನು ಮುಖವಾಡ ತೊಟ್ಟ ಫೈರ್‌ನವರು ಇಳಿದು ಬಿಗಿದರು.
ಮಾಲೀಕರ ಮೊದಲ ಮಾತು ಬೇರೆ. ಅದನ್ನಿಲ್ಲಿ ಬರೆಯುವುದಿಲ್ಲ.

ಭಾನುವಾರ ಮೇಸ್ತ್ರಿಯ ಮನೆಗೆ ಹೋದೆ.
ಅವರ ಮೂಗು ಈಗ ಪೂರ್ತಿ ಸತ್ತಿದೆ; ಕಾಫಿಯನ್ನು
ಬಿಸಿಯಿಂದಷ್ಟೇ ಗುರುತಿಸುತ್ತಾರೆ.
ಎಲ್ಲ ಕೇಳಿ, ಲೋಟ ಕೆಳಗಿಟ್ಟು,
“ಹಗ್ಗ ಎಷ್ಟುದ್ದ?”
ನಲವತ್ತು ಅಡಿ.
“ಅರವತ್ತು ತಗೋ.”