ಎರಡು ತಾ

ಸುಗಂಧಾ, ನಿನ್ನ ಪಟ್ಟಿ ಮುಟ್ಟಿತು.
ಮೂವತ್ತು ಕಿಲೋದಾಗ ಇಡೀ ಹುಬ್ಬಳ್ಳಿ ತುರುಕಾಕ ಹೊಂಟೀ.
ನೈಟ್ ಡ್ಯೂಟಿ ಮುಗಿಸಿ ಈಗ ಬಂದೀನಿ, ಬೂಟು ಸೈತ ಬಿಚ್ಚಿಲ್ಲ,
ಓದಿಕೋತ ಹೊಡದು ಹಾಕ್ತೀನಿ, ಸಿಟ್ಟಾಗಬ್ಯಾಡ.

ತೊಗರಿಬ್ಯಾಳಿ ಬ್ಯಾಡ.
ಸ್ಪ್ರಿಂಗ್ ಬ್ಯಾಂಕ್ ರಸ್ತಾದಾಗ ಕುರ್ದಿ ಮನುಷ್ಯಾ ಒಬ್ಬಾವ ಅಂಗಡಿ ಇಟ್ಟಾನ,
ನಮ್ಮ ಬ್ಯಾಳಿ, ಅವನ ಖರ್ಜೂರ, ಪೋಲೆಂಡಿನವರ ಉಪ್ಪಿನ ಸೌತಿಕಾಯಿ
ಎಲ್ಲಾ ಒಂದ ಹಲಗಿ ಮ್ಯಾಲ.
ನಾಕು ಕಿಲೋ ಹೊತಗೊಂಡು ಬಂದಿದ್ದೆ ನಾ, ಹುಚ್ಚಿ.

ಫೇಡಾ ಬ್ಯಾಡ. ಹಾಲಿನದು ಒಳಗ ಬಿಡೂದಿಲ್ಲ,
ನನ್ನ ಅರ್ಧಾ ಕಿಲೋ ಮ್ಯಾಂಚೆಸ್ಟರಿನ ಕಸದ ಬುಟ್ಟಿ ತಿಂತು.

ಛತ್ರಿ? ಈ ಹಲ್ ಊರಾಗ ಮಳಿ ಮ್ಯಾಲಿಂದ ಬೀಳೂದಿಲ್ಲ,
ಹಂಬರ್ ನದಿ ಕಡಿಂದ ಅಡ್ಡ ಬರ್ತೈತಿ.
ಎರಡು ಛತ್ರಿ ಬಸ್ ಸ್ಟಾಪಿನಾಗ ಮಣ್ಣು ಮಾಡೀನಿ.
ಟೊಪಗಿ ಇರೂ ಕೋಟು ಇಲ್ಲೇ ತಗೋ,
ಚರ್ಚಿನವರ ಹಳೇ ಅರಿವಿ ಅಂಗಡ್ಯಾಗ, ಆರು ಪೌಂಡು.
ನನ್ನ ಕೋಟಿನ ಕಿಸೇದಾಗ ಯಾರದೋ ಸಿನೆಮಾ ಟಿಕೀಟು ಇತ್ತು.
ಒಗದಿಲ್ಲ.
ನಿಮ್ಮತ್ತಿ ಹುಬ್ಬಳ್ಳಿ ಥಂಡಿಗೆ ಹೆಣದ ಸ್ವೆಟರು
ಇಲ್ಲೆ ಬರೇ ಬನೇನು.

ಹಲ್ಲಿನ ಕೆಲಸಾ ಅಲ್ಲೇ ಮುಗಿಸಿ ಬಾ,
ಇಲ್ಲೆ ಪಾಳಿ ಹಚ್ಚಿ ಕುಂತ್ರ ಹಲ್ಲ ತಾನ ಬೀಳ್ತೈತಿ.
ಚಾಳೀಸು ಎರಡು ಜೋಡಿ. ಅವ್ವ ಕುಟ್ಟಿಸಿದ ಖಾರ.
ಖಡಕ್ ರೊಟ್ಟಿ ಮುರೀತಾವ ಅಂತ ಬರದೀ,
ಮುರೀಲಿ ಬಿಡು. ಚೂರೂ ರೊಟ್ಟಿನ.

ಈಗ ಖರೇ ಮಾತು, ನಿನ್ನ ಪಟ್ಟ್ಯಾಗ ಇಲ್ಲದ್ದು.

ಹ್ವಾದ ನವೆಂಬರದಾಗ ನನ್ನ ಕುಕ್ಕರಿನ ಗ್ಯಾಸ್ಕೆಟ್ ಸೀಳಿತು.
ಹೆಸಲ್ ರಸ್ತಾದ ಹಾರ್ಡ್‌ವೇರ್ ಮುದುಕ
ಸಿಂಕಿನ ರಬ್ಬರು, ಬಾಯ್ಲರಿನ ರಬ್ಬರು
ಒಂದೊಂದ ಹಾಕಿ ನೋಡಿದ, ಕೂಸಿಗೆ ಕುಂಚಿಗಿ ನೋಡಿದಂಗ.
ಯಾವುದೂ ಕೂಡಲಿಲ್ಲ.
ಆನ್‌ಲೈನಿನಾಗ ತರಿಸಿದ್ದು ಒಂದು ಬಳ್ಳು ದೊಡ್ಡದು.
ಬ್ಯಾಳಿ ತಾಸಗಟ್ಟಲೆ ಕುದ್ದು ಕುದ್ದು
ಕಾಳು ಕಾಳಾಗೇ ಉಳೀತು.

ಒಂಬತ್ತನೇ ದಿನಾ ಬಾಜೂ ಮನಿ ಮೊರೀನ್ ಬಾಗಲಾ ಬಡದ್ಳು.
ಎಂಬತ್ತರ ಮುದುಕಿ, ಮೀನಿನ ಕಾರ್ಖಾನ್ಯಾಗ ಸೊಟ್ಟಾದ ಬಳ್ಳು.
ಎರಡು ವರ್ಷ ಒಂದ ಗ್ವಾಡಿ ಹಂಚಿಕೊಂಡ್ರೂ
ಮಳಿ ಮಾತು ಬಿಟ್ರ ಮಾತಿಲ್ಲ.
“ನಿನ್ನ ರೈಲು ಬರವಲ್ದಲ್ಲ,” ಅಂದ್ಳು. “ಆರಾಮ ಇದ್ದೀ ಹೌದಿಲ್ಲೋ?”
ನಂಗ ತಿಳೀಲಿಲ್ಲ.
ಗ್ವಾಡಿ ಕಡೆ ಕೈ ಮಾಡಿ, ತುಟಿ ಮುಂದ ಮಾಡಿ
ಸೀಟಿ ಹೊಡದು ತೋರಿಸಿದ್ಳು. ಮೂರು ಸಲ.
ಮೂರನೇ ಸೀಟಿಗೆ ಬಿ.ಪಿ. ಗುಳಿಗಿ ನುಂಗತಿದ್ಳಂತ,
ನನ್ನ ಡ್ಯೂಟಿ ಬದಲಾದ್ರ ಆಕಿ ಗುಳಿಗಿ ವ್ಯಾಳ್ಯಾನೂ ಬದಲು.
ನರ್ಸ್ ಆಗಿ ಬೈಯಬೇಕಿತ್ತು ನಾ.
ಒಳಗ ಕರದು, ಅರ್ಧಾ ಬೆಂದ ಬ್ಯಾಳಿ ಬಡಿಸಿದೆ.
ಕಟ್ಟಿಸಿದ ಹಲ್ಲಿಲೆ ಅಗದು ಅಗದು ತಿಂದ್ಳು,
ಆಮ್ಯಾಲ ಸಕ್ರಿ ಕೇಳಿದ್ಳು.

ಅದಕ್ಕ ಹೇಳ್ತೀನಿ, ಗ್ಯಾಸ್ಕೆಟ್ ಎರಡು ತಾ.
ಐದು ಲೀಟರಿಂದು, ಹಳೇ ನಮೂನಿ.
ಹಳೇದನ್ನ ಕರೆಂಟ್ ಬಿಲ್ಲಿನ ಹಿಂದ ಇಟ್ಟು
ಪೆನ್ಸಿಲಿಲೆ ಸುತ್ತ ಗೆರಿ ಎಳದು ಫೋಟೋ ಕಳಿಸೀನಿ,
ಬಾಜೂಕ ಟೇಪೂ ಇಟ್ಟೀನಿ, ದುರ್ಗದ ಬೈಲಿನಾಗ ತೋರಿಸು.
ಒಂದು ಕಡೆ ಗೆರಿ ಕೂಡಿಲ್ಲ, ನಿದ್ದಿಗಣ್ಣು,
ಅಲ್ಲೆ ಕೈ ಜಾರಿತು.
ಉಳದದ್ದೆಲ್ಲಾ ಬರೋಬ್ಬರಿ ಐತಿ.

ಆಮ್ಯಾಲೂ ಜಾಗಾ ಉಳದ್ರ,
ರೊಟ್ಟಿ.