ಹರಿಯುವ ಕೈ

ಕತ್ತರಿ ಮುಟ್ಟುವುದಿಲ್ಲ ನಾನು.
ಹತ್ತು ವರ್ಷ ಬಸ್ಸಿನಲ್ಲಿ ಟಿಕೆಟು ಹರಿದ ಹೆಬ್ಬೆರಳು ಇದು,
ಎಲ್ಲಿ ಒತ್ತಿದರೆ ಎಲ್ಲಿ ಬಿಡುತ್ತದೆ ಕಾಗದ, ಇದಕ್ಕೆ ಗೊತ್ತು.
ಆಮೇಲೆ ಮಷೀನು ಬಂತು,
ಕರ್ರೆಂದು ತಾನೇ ಉಗುಳುತ್ತದೆ ಚೀಟಿ,
ಹೆಬ್ಬೆರಳಿಗೆ ಕೆಲಸವಿಲ್ಲ.

ಅದಕ್ಕೇ ವಾರದ ರಜೆಯಲ್ಲಿ
ಕಾಟನ್‌ಪೇಟೆಯ ಮಹಡಿ ಕೋಣೆಯಲ್ಲಿ
ಫ್ಯಾನು ಆರಿಸಿ ಕೂರುತ್ತೇನೆ,
ಗಾಳಿಗೆ ಕೆನ್ನೆಗಳು ಹಾರಿಹೋಗದಿರಲಿ ಅಂತ.
ಮೈದಾ ಅಂಟು, ಒಂದು ಚಿಟಿಕೆ ಮೈಲುತುತ್ತ;
ಜಿರಳೆಗೆ ಮುಖವೆಂದರೆ ಬಲು ರುಚಿ.

ಒಂದು ಕಡೆ ಈಗಿನ ನಾನು:
ಐಡಿ ಕಾರ್ಡಿನ ಫೋಟೋ, ದೊಡ್ಡದು ಮಾಡಿಸಿದ್ದು,
ಖಾಕಿ ಕಾಲರು, ನೀಲಿ ಪರದೆ,
‘ನಗಬೇಡಿ ಮೇಡಂ’ ಎಂದ ಸ್ಟುಡಿಯೋ ಹುಡುಗನ ಮಾತು
ಇನ್ನೂ ತುಟಿಯ ಮೇಲೇ ಕೂತಿದೆ.

ಇನ್ನೊಂದು ಕಡೆ ಮೂರನೇ ಕ್ಲಾಸಿನ ಗುಂಪು,
ಕಾರ್ಪೊರೇಷನ್ ಶಾಲೆ, ಎರಡನೇ ಸಾಲು, ಎಡದಿಂದ ಐದನೆಯವಳು.
ಐದಲ್ಲ, ನಾಲ್ಕೂವರೆ.
ಸರಿಯಾಗಿ ಕ್ಲಿಕ್ಕೆನ್ನುವ ಹೊತ್ತಿಗೆ
ಪಕ್ಕದ ಫಿಲೋಮಿನಾ ಏನೋ ನೆನೆದು ನಕ್ಕು ತಲೆಯಾಡಿಸಿದಳು,
ಅವಳ ಮಡಿಸಿ ಕಟ್ಟಿದ ಜಡೆ, ಅದರ ಟೇಪು
(ಕೆಂಪೆಂದು ನನಗೆ ನೆನಪು, ಫೋಟೋದಲ್ಲಿ ಬರೀ ಕಪ್ಪು)
ನನ್ನ ಬಲಗಣ್ಣು, ಬಲಗೆನ್ನೆ ಎರಡನ್ನೂ ನುಂಗಿತು.

ನಾನು ಚಿಕ್ಕವಳಿದ್ದ ಫೋಟೋ ಇರುವುದು ಅದೊಂದೇ.
ಅದೂ ಅರ್ಧ.

ಅಸಲು ಹರಿಯಲು ಕೈ ಬರಲಿಲ್ಲ.
ಜೆರಾಕ್ಸಿನಲ್ಲಿ ಹನ್ನೆರಡು ತೆಗೆಸಿದೆ, ಆರು ಹಾಳು.
ಲಂಗ ಹರಕೊಂಡು ಬಂದಾಗ ಅಮ್ಮ ಬಯ್ಯುತ್ತಿದ್ದಳು:
‘ಹರಿಯೋದಾದ್ರೆ ನಲ್ಲೀಲಿ ನೀರು ಹರೀಲಿ,
ನಿನ್ನ ಲಂಗ ಯಾಕೇ ಹರೀಬೇಕು?’

ನಮ್ಮ ಕಡೆಗೆ ಎಳೆದರೆ ಅಂಚಿಗೆ ಬಿಳಿ ನಾರು ಏಳುತ್ತದೆ,
ಆಚೆ ತಳ್ಳಿದರೆ ಇಲ್ಲ.
ಆ ಬಿಳಿ ನನಗೆ ಬೇಕು.
ಎಂಟಕ್ಕೂ ನಲವತ್ತಾರಕ್ಕೂ ನಡುವೆ ದಾರದಷ್ಟು ಜಾಗ,
ಮದುವೆ, ಬಿಟ್ಟುಬಂದದ್ದು, ಡಿಪೋ, ಮಂಡಿನೋವು
ಎಲ್ಲ ಅಷ್ಟರಲ್ಲೇ ಹಿಡಿಸುತ್ತವೆ.

ಫಿಲೋಮಿನಾಳನ್ನು ಬಿಡಿಸಲು ನೋಡಿದೆ.
ಜಡೆ ತೆಗೆದರೆ ನನ್ನ ಮೂಗು ಹೋಗುತ್ತದೆ,
ಟೇಪು ತೆಗೆದರೆ ಹುಬ್ಬು.
ಇರಲಿ ಬಿಡು ಎಂದು ಹಾಗೇ ಅಂಟಿಸಿದೆ:
ಎಡಗಣ್ಣು ಎಂಟರದು, ಬಲಗಣ್ಣು ನಲವತ್ತಾರರದು,
ನಡುವೆ ಇನ್ನೊಬ್ಬಳ ಜಡೆ.
ಆ ಹುಡುಗಿ ಕ್ಯಾಮೆರಾ ನೋಡುತ್ತಿಲ್ಲ,
ಜಡೆಯನ್ನೇ ದುರುಗುಟ್ಟುತ್ತಿದ್ದಾಳೆ.
ಈ ಹೆಂಗಸು, ಚಿಲ್ಲರೆಯಿಲ್ಲದೆ ಐನೂರು ನೀಡುವವರನ್ನು ನೋಡುವ ಹಾಗೆ.
ಸಿಟ್ಟು ಒಂದೇ.
ಅದೊಂದು ಮಾತ್ರ ಬಿಳಿ ಬಿಡದೆ ಕೂಡಿಕೊಂಡಿತು.

ಡಿಪೋದಲ್ಲಿ ತೋರಿಸಿದ್ದೇ ತಪ್ಪಾಯಿತು.
ಡ್ರೈವರ್ ಮೆಹಬೂಬ್ ಸುನ್ನತಿಯ ದಿನದ ಪೇಟದ ಫೋಟೋ ತಂದ,
ಟಿ.ಸಿ. ಮೇಡಂ ತೊಟ್ಟಿಲಿನದು.
ಮೆಕ್ಯಾನಿಕ್ ಗವಿರಂಗಯ್ಯ ಬರಿಗೈಲಿ ಬಂದು ನಿಂತ:
‘ನಮ್ಮನ್ನ ಯಾರು ಫೋಟೋ ಹಿಡಿದ್ರು ತಾಯಿ,
ನನ್ನ ಮಗಂದೇ ಹಾಕು. ಮೂಗು ನಂದೇ.’
ಫೋನಿನಲ್ಲಿದ್ದದ್ದನ್ನು ತೆಗೆಸಿ ಹಾಕಿಕೊಟ್ಟೆ.
ಬಹಳ ಹೊತ್ತು ನೋಡಿದ.
‘ಇವನಿಗೆ ಇಷ್ಟು ಬೇಗ ವಯಸ್ಸಾಯ್ತಲ್ಲ’ ಅಂದ,
ಗ್ರೀಸಿನ ಬೆರಳಿಂದ ಹರಿದ ಗೆರೆ ಸವರಿದ.
ಕಲೆ ಉಳಿಯಿತು.
ಅದರ ಮೇಲೆ ಬೇರೆ ಕಾಗದ ಅಂಟಿಸಲಿಲ್ಲ ನಾನು.

ಸೋಮವಾರ, ಮೊದಲ ಟ್ರಿಪ್ಪು, ಕೆಂಗೇರಿ ಕಡೆಗೆ.
ಕಿಟಕಿ ಸೀಟಿನ ಪುಟ್ಟ ನನ್ನ ಮೊಣಕೈ ಮುಟ್ಟಿದ:
‘ಆಂಟಿ, ಇಲ್ಲಿ ಯಾರೋ ಅಂಟ್ಕೊಂಡಿದಾರೆ.’
ನೋಡಿದರೆ ಉಗುರಗಲ ಕಾಗದ,
ಅದರ ತುಂಬ ಹಲ್ಲು.
ನಮ್ಮ ಸಾಲಿನಲ್ಲಿ ನಕ್ಕವಳು ಒಬ್ಬಳೇ.
ಕಿತ್ತು, ಚೀಲದ ಒಳಜೇಬಿಗೆ ಹಾಕಿ
ರೈಟ್ ರೈಟ್ ಅಂದೆ.