ಇಳಿತದ ಲೆಕ್ಕ

ಹೆಬ್ರಿಯವಳು ನಾನು. ನಮ್ಮಲ್ಲಿ ನೀರೆಂದರೆ
ಮೇಲಿಂದ ಕೆಳಗೆ ಹೋಗುವುದು, ಅಷ್ಟೆ.

ಕೋಡಿಬೆಂಗ್ರೆಗೆ ಮದುವೆಯಾಗಿ ಬಂದು ಮೂರನೇ ದಿನ,
ಹುಣ್ಣಿಮೆಯ ಮಾರನೆಯ ಬೆಳಗು, ಆರು ಗಂಟೆ,
ಅತ್ತೆಯ ಬೆನ್ನಿಗೇ ಅಳಿವೆಗೆ ಇಳಿದೆ.
ಹೊಳೆ ಸೀರೆ ಎತ್ತಿ ಕಟ್ಟಿದ ಹಾಗೆ ಹಿಂದೆ ಸರಿದಿತ್ತು.
ಕೆಸರಲ್ಲಿ ಕಾಲ್ಬೆರಳಿಗೆ ಸಿಕ್ಕಿದ್ದೆಲ್ಲ ಮರುವಾಯಿ;
ಅರ್ಧ ಕಲ್ಲೆಂದು ಬುಟ್ಟಿ ಸುರಿದ ಮೇಲೆ ಗೊತ್ತಾಯಿತು.

ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ:
'ಬೆಳಿಗ್ಗೆ ಆರಕ್ಕೆ ಇಳಿತ.' ಕೆಳಗೆ ಎರಡು ಗೆರೆ.

ನಾಲ್ಕನೇ ದಿನ ಆರಕ್ಕೆ ಹೋದರೆ ಸೊಂಟದವರೆಗೆ ನೀರು.
ದಡದಲ್ಲಿ ಅತ್ತೆ ಎಲೆ ಜಗಿಯುತ್ತ ಕೂತಿದ್ದರು.
'ಯಾಕೆ ಹೇಳ್ಲಿಲ್ಲ?'
'ನೀನು ಕೇಳ್ಲಿಲ್ಲ. ಬರ್ದೆ.'

ಹೊಡೆದು ಹಾಕಿ ಬರೆದೆ: 'ದಿನಕ್ಕೆ ಮುಕ್ಕಾಲು ಗಂಟೆ ತಡ.'
ನಾಲ್ಕು ದಿನ ಸರಿ ಬಂತು. ನಾಲ್ಕು ದಿನ
ಸಮುದ್ರಕ್ಕೆ ನಾನೇ ಯಜಮಾನ್ತಿ.
ಅಷ್ಟಮಿಯಂದು ಮಟಮಟ ಮಧ್ಯಾಹ್ನ
ಬರೆದ ಗಂಟೆಗೇ ಹೋಗಿ ನಿಂತೆ.
ಇಳಿಯಿತು, ಇಲ್ಲವೆನ್ನಲಾರೆ,
ಸಾಲ ಕೇಳಿದವರೆದುರು ಜಿಪುಣ ಬಿಚ್ಚಿದ ಗಂಟಿನಷ್ಟು.
ಗಡಿಯಾರದ ತಪ್ಪಲ್ಲ.
'ಯಾವಾಗ' ಎಂದು ಕೇಳಿದ್ದೆ,
'ಎಷ್ಟು' ಎಂದು ಕೇಳಿರಲೇ ಇಲ್ಲ.

ಹಾಗೆ ಚಂದ್ರ ಬಂದ, ಲೆಕ್ಕದೊಳಗೆ.
ದೀಪಾವಳಿಯ ಅಮಾವಾಸ್ಯೆಗೆ ಹೊಳೆ ಮತ್ತೆ ಬರಿದು, ಬುಟ್ಟಿ ತುಂಬ.
ಕಲ್ಲು ಈಗ ಹತ್ತಕ್ಕೆ ಒಂದು. ಮುಟ್ಟಿದರೆ
ಮರುವಾಯಿ ಬಾಯಿ ಮುಚ್ಚುತ್ತದೆ, ಕಲ್ಲಿಗೇನು,
ಬೆರಳು ಅದನ್ನು ಯಾವಾಗ ಕಲಿತಿತೋ, ನನಗೆ ಹೇಳಲಿಲ್ಲ.

ಇನ್ನು ಮುಗಿಯಿತು ಎಂದುಕೊಂಡ ವಾರ
ಘಟ್ಟದ ಬುಡದಲ್ಲಿ ಗುಡುಗು. ಇಲ್ಲಿ ಒಂದು ಹನಿಯಿಲ್ಲ.
ಗಂಟೆ ಸರಿ, ತಿಥಿ ಸರಿ, ನೀರು ಮಾತ್ರ ಜಗ್ಗಲೊಲ್ಲದು:
ಕೆಂಪಗೆ, ತರಗೆಲೆ ಹೊತ್ತು,
ಅಳಿವೆಯ ತುಂಬ ಸೀತಾನದಿ.
ನಮ್ಮೂರ ನೀರು.
ಮೇಲಿಂದ ಕೆಳಗೆ ಬಂದದ್ದು, ಅಷ್ಟೆ.

ಅಂಗಳದಲ್ಲಿ ಮೈದುನನ ಮಗಳು ಅಶ್ವಿತಾ ಕೇಳಿದಳು,
'ಚಿಕ್ಕಮ್ಮ, ನಾಳೆ ಎಷ್ಟು ಗಂಟೆಗೆ?'
'ಏಳೂಕಾಲು,' ಎಂದೆ. 'ಇವತ್ತಿನ ಮಟ್ಟಿಗೆ.'
ಹಾಳೆಯಲ್ಲಿ ಜಾಗವಿಲ್ಲ, ರಬ್ಬರು ಹುಡುಕಿದೆ.

ಓದು ಬಾರದ ಅತ್ತೆ ಎಲೆ ಉಗಿದು ಬಂದು
ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದರು.
'ಹೊಡೆದು ಹಾಕಿದ್ದನ್ನು,' ಎಂದರು,
'ಅಳಿಸ್ಬೇಡ ಮಾರಾಯ್ತಿ.'